ಕೇಳ್ರಿ, ಹೇಳ್ತೀವಿ: ಹಂಚಿನ ಮೇಲೆ ಉತ್ತರ ಚೀನಾ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಉತ್ತರ ಚೀನಾದ ಬೀದಿ ತಿಂಡಿಯನ್ನೇ ಕುರಿತವು.

ಪ್ರಶ್ನೆ: ಅಣ್ಣ-ತಮ್ಮಂದಿರು, ಹೆಂಡಂದಿರು, ಅವ್ವ ಎಲ್ಲಾರೂ ಕೂಡಿ ಸಣ್ಣ ಹೋಟೆಲ್ ತೆರೀಬೇಕಂತ ಮಾಡೀವ್ರಿ. ಉತ್ತರ ಚೀನಾದ ಮನೆತಿಂಡಿ, ಬೀದಿತಿಂಡಿ ಇಟ್ರ ನಡೀತೈತೇನ್ರಿ? ಮಂದಿ ಗೋಬಿ ಮಂಚೂರಿ ಕೇಳಿದ್ರ ಏನ ಹೇಳೂದು? (ಟಿಳಕವಾಡಿ, ಬೆಳಗಾವಿ)

ಉತ್ತರ: ನಡೆಯುತ್ತದೆ, ಪಟ್ಟಿ ಚಿಕ್ಕದಿದ್ದರೆ. ಚೀನಾದ ದಕ್ಷಿಣಕ್ಕೆ ಅಕ್ಕಿ, ಉತ್ತರಕ್ಕೆ ಗೋಧಿ ಮತ್ತು ಸಿರಿಧಾನ್ಯ. ನವಣೆಯನ್ನು ಮೊದಲು ಬೆಳೆಗೆ ಒಗ್ಗಿಸಿದ್ದೇ ಉತ್ತರ ಚೀನಾದಲ್ಲಿ. ಶಾನ್‌ಶಿ ಪ್ರಾಂತದವರು ಜೋಳದಿಂದ ನೂಡಲ್ಸ್ ಹಿಸುಕುತ್ತಾರೆ, ವಿನೆಗರ್ ಇಳಿಸುತ್ತಾರೆ. ಹೆಸರು, ಎಳ್ಳು, ಜೀರಿಗೆ, ಒಣಮೆಣಸಿನಕಾಯಿ, ಬಳ್ಳೊಳ್ಳಿ ಎಲ್ಲ ರವಿವಾರ ಪೇಟೆಯಲ್ಲೇ ಸಿಗುವ ಸಾಮಾನು. ಹೊರಗಿನಿಂದ ತರಿಸಬೇಕಾದದ್ದು ಸೋಯಾ ಸಾಸ್, ಗೋಧಿ ಹಿಟ್ಟು ಹುದುಗಿಸಿದ ಸಿಹಿ ಸಾಸ್, ಕಪ್ಪು ವಿನೆಗರ್, ಅಷ್ಟೇ.

ನಾಲ್ಕು ತಿಂಡಿ ಸಾಕು: ಜಿಯೆನ್‌ಬಿಂಗ್ (ಹೆಸರು ಹಿಟ್ಟಿನ ತೆಳು ದೋಸೆ), ಲಿಯಾಂಗ್‌ಪಿ (ತಣ್ಣನೆಯ ಗೋಧಿ ಹಾಲಿನ ಪಟ್ಟಿ), ಬಿಯಾಂಗ್‌ಬಿಯಾಂಗ್ (ಕೈಯಲ್ಲಿ ಎಳೆದ ಅಗಲ ನೂಡಲ್ಸ್) ಮತ್ತು ಮಟನ್ ತುಂಬಿದ ರೊಟ್ಟಿ ರೌಜಿಯಾಮೊ. ಕೊನೆಯದನ್ನು ಹಂದಿಮಾಂಸದಲ್ಲೇ ಮಾಡಬೇಕು ಅನ್ನುವವರ ಮಾತು ಕೇಳಬೇಡಿ. ಶಿಯಾನ್ ನಗರದ ಮುಸ್ಲಿಂ ಬೀದಿಯಲ್ಲಿ ಅದು ಕುರಿ, ದನದ ಮಾಂಸದಲ್ಲೇ ಆಗುತ್ತದೆ.

ಲೆಕ್ಕ ಮೊದಲೇ ಹಾಕಿ. ಒಂದು ಜಿಯೆನ್‌ಬಿಂಗ್‌ಗೆ ಮೂರು ನಿಮಿಷ. ಹಂಚು ಒರೆಸುವುದು, ರೊಕ್ಕ ತಗೊಳ್ಳುವುದು ಸೇರಿದರೆ ತಾಸಿಗೆ ಹದಿನೈದು. ಸಂಜೆ ಮೂರು ತಾಸಿಗೆ ಒಂದು ಹಂಚಿನಿಂದ ನಲವತ್ತೈದು ದಾಟುವುದಿಲ್ಲ. ಅಷ್ಟರಲ್ಲಿ ಬಾಡಿಗೆ ಏಳದಿದ್ದರೆ ಎರಡನೇ ಹಂಚು ಬೇಕು, ಐದನೇ ತಿಂಡಿ ಅಲ್ಲ. ಮನೆಯ 14.2 ಕೆ.ಜಿ. ಸಿಲಿಂಡರ್ ಹೋಟೆಲಿಗೆ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು.

ಗೋಬಿ ಮಂಚೂರಿ ನಮ್ಮ ದೇಶದಲ್ಲೇ ಹುಟ್ಟಿದ್ದು. ಮಂಚೂರಿಯಾದವರಿಗೆ ಅದರ ಗುರುತಿಲ್ಲ. ಕೇಳಿದವರಿಗೆ ‘ಇಲ್ರಿ’ ಅನ್ನಿ. ಇಟ್ಟೇ ಇಡುತ್ತೀರಾದರೆ ಬಣ್ಣ ಬೇಡ: 2024ರ ಮಾರ್ಚಿನಿಂದ ರಾಜ್ಯದಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದಕ್ಕೆ ನಿಷೇಧವಿದೆ.

ಪ್ರಶ್ನೆ: ಜಿಯೆನ್‌ಬಿಂಗ್ ಹಿಟ್ಟು ಹಂಚಿನ ಮೇಲೆ ಹರಡೂದೇ ಇಲ್ರಿ, ಕಟ್ಟಿಗೆ ಜೋಡಿ ಎದ್ದು ಬರ್ತೈತಿ. ಹರಡಿದ್ರ ತಿರುವುವಾಗ ಹರೀತೈತಿ. ಜ್ವಾಳದ ಹಿಟ್ಟು ಹಾಕಬಹುದೇನ್ರಿ? (ಇಳಕಲ್, ಬಾಗಲಕೋಟೆ ಜಿಲ್ಲೆ)

ಉತ್ತರ: ಎರಡು ತಪ್ಪು ಬೇರೆ ಬೇರೆ. ಎದ್ದು ಬರುವುದು ಹಂಚಿನ ತಪ್ಪು, ಹರಿಯುವುದು ಹಿಟ್ಟಿನದು.

ಹಂಚಿಗೆ ನೀರು ಚಿಮುಕಿಸಿ ನೋಡಿ. ಹನಿ ಗುಂಡಗಾಗಿ ಓಡಾಡಿದರೆ ಹಂಚು ಅತಿ ಕಾದಿದೆ. ಹಿಟ್ಟು ಬಿದ್ದ ಕೂಡಲೇ ಬೆಂದು ಹರಡುವ ಕಟ್ಟಿಗೆಗೆ ಸುತ್ತಿಕೊಳ್ಳುತ್ತದೆ. ಹನಿ ಅಲ್ಲೇ ಚುಂಯ್ ಅಂದು ಎರಡು ಎಣಿಸುವಷ್ಟರಲ್ಲಿ ಆರಿದರೆ ಹದ ಸರಿ. ಒದ್ದೆ ಅರಿವೆಯಿಂದ ಒರೆಸಿ ಹುಯ್ಯಿರಿ. ಎಣ್ಣೆ ಸವರಿದ ಹಂಚಿನ ಮೇಲೆ ಹಿಟ್ಟು ಜಾರುತ್ತದೆ, ಹರಡುವುದಿಲ್ಲ. ಆದ್ದರಿಂದ ಎಣ್ಣೆ ಹಚ್ಚಿ ಒರೆಸಿ ತೆಗೆದಷ್ಟೇ ಇರಲಿ. ‘ಟಿ’ ಆಕಾರದ ಕಟ್ಟಿಗೆಯನ್ನು ಬಿಡುವಿದ್ದಾಗೆಲ್ಲ ನೀರಲ್ಲಿ ನಿಲ್ಲಿಸಿಡಿ.

ಹಿಟ್ಟಿನ ಅಳತೆ: ಹೆಸರುಬೇಳೆ ಹಿಟ್ಟು 100 ಗ್ರಾಂ, ಮೈದಾ 50, ನವಣೆ ಹಿಟ್ಟು 25, ನೀರು ಸುಮಾರು 300 ಮಿಲಿ, ಚಿಟಿಕೆ ಉಪ್ಪು. ಹೆಸರಿಗೆ ಅಂಟಿಲ್ಲ. ಮೈದಾ ಕಡಿಮೆಯಾದರೆ ಹರಿಯುವುದು ಖಂಡಿತ. ಸಿಪ್ಪೆ ಸಮೇತ ಬೀಸಿದ ಹಿಟ್ಟಾದರೆ ತರಿ ಕಟ್ಟಿಗೆಗೆ ಸಿಕ್ಕು ಗೀರು ಬೀಳುತ್ತದೆ, ಜರಡಿ ಹಿಡಿಯಿರಿ. ಕಲಸಿ ಅರ್ಧ ತಾಸು ಬಿಡಿ. ನವಣೆಯ ಬದಲು ಜೋಳ ಹಾಕಬಹುದು. ಶಾನ್‌ಡಾಂಗ್ ಕಡೆ ಜೋಳದಲ್ಲೂ ಮಾಡುತ್ತಾರೆ. ಆದರೆ 40 ಗ್ರಾಂ ಮೀರಿದರೆ ಮಡಚುವಾಗ ಬಿರುಕು ಬಿಡುತ್ತದೆ.

ಮೇಲ್ಮೈ ಅರ್ಧ ಆರಿದಾಗ ತತ್ತಿ ಒಡೆದು ಸವರಿ, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ, ಎಳ್ಳು ಉದುರಿಸಿ ತಿರುವಿ ಹಾಕಿ, ಸಾಸ್ ಬಳಿದು ಗರಿಗರಿ ಹಾಳೆ ಇಟ್ಟು ಮಡಚಿ. ಆ ಹಾಳೆಗೆ ಶಂಕರಪಾಳಿಯ ಕಣಕವೇ ಆದೀತು, ಸಕ್ಕರೆ ಬಿಟ್ಟು. ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಫೋರ್ಕಿನಿಂದ ಚುಚ್ಚಿ ಕರಿಯಿರಿ. ಚುಚ್ಚದಿದ್ದರೆ ಪೂರಿಯಂತೆ ಉಬ್ಬಿ, ಮಡಚುವಾಗ ಪುಡಿಯಾಗುತ್ತದೆ. ಪಾರ್ಸೆಲ್ಲಿಗೆ ಹಾಳೆ ಬೇರೆ ಕಟ್ಟಿಕೊಡಿ, ಒಳಗಿಟ್ಟರೆ ಐದು ನಿಮಿಷದಲ್ಲಿ ಹಬೆಗೆ ಮೆತ್ತಗಾಗುತ್ತದೆ. ತತ್ತಿ ತಿನ್ನದವರಿಗೆ ಮೈದಾ 70 ಗ್ರಾಂಗೆ ಏರಿಸಿ. ರುಚಿ ಹೆಸರು ದೋಸೆಯ ಸಮೀಪಕ್ಕೆ ಬರುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಪ್ರಶ್ನೆ: ಬ್ಯಾಸಿಗ್ಯಾಗ ಲಿಯಾಂಗ್‌ಪಿ ಮಾಡಿದ್ರ ಹುಳಿ ವಾಸನಿ ಬರ್ತೈತಿ, ಪಟ್ಟಿ ತುಂಡಾಗ್ತಾವ. ಯಾಕ್ರಿ? (ವಿಜಯಪುರ)

ಉತ್ತರ: ಕುರಡಗಿ ಮಾಡುವವರಿಗೆ ಇದರ ಅರ್ಧ ಕೆಲಸ ಗೊತ್ತೇ ಇದೆ, ಗೋಧಿ ಹಾಲು ತೆಗೆಯುವುದು. ಇಲ್ಲಿ ಕಾಳು ನೆನೆಸುವುದಿಲ್ಲ, ಕಣಕ ತೊಳೆಯುತ್ತಾರೆ.

ಅರ್ಧ ಕೆ.ಜಿ. ಮೈದಾ, ಒಂದು ಚಮಚ ಉಪ್ಪು, 260 ಮಿಲಿ ನೀರು ಹಾಕಿ ಗಟ್ಟಿ ನಾದಿ, ಅರ್ಧ ತಾಸು ಮುಚ್ಚಿಡಿ. ಆಮೇಲೆ ನೀರಲ್ಲಿ ಹಿಂಡಿ ಹಿಂಡಿ ತೊಳೆಯಿರಿ. ಹಾಲು ಬೇರೆ ಪಾತ್ರೆಗೆ, ಹೊಸ ನೀರು, ಹೀಗೆ ನಾಲ್ಕೈದು ಸಲ. ಕೈಯಲ್ಲಿ ಉಳಿಯುವ ರಬ್ಬರಿನಂಥ ಗೋಧಿ ಅಂಟನ್ನು ಚೆಲ್ಲಬೇಡಿ. ಚಿಟಿಕೆ ಬೇಕಿಂಗ್ ಪೌಡರ್ ಸೇರಿಸಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ ತುಂಡು ಮಾಡಿದರೆ ಸ್ಪಂಜಿನಂತೆ ಸಾಸ್ ಹೀರುತ್ತದೆ. ಸಸ್ಯಾಹಾರಿಗಳಿಗೆ ಈ ತಟ್ಟೆಯಲ್ಲಿ ಅದೇ ಸವಿ.

ಹಾಲು ಸೋಸಿ ಆರೆಂಟು ತಾಸು ತಳಕ್ಕೆ ಕೂರಲು ಬಿಡಬೇಕು. ನಿಮ್ಮ ಹುಳಿ ವಾಸನೆ ಹುಟ್ಟುವುದು ಇಲ್ಲೇ. ವಿಜಯಪುರದ ಏಪ್ರಿಲ್ ಬಿಸಿಗೆ ಅಡುಗೆಮನೆಯಲ್ಲಿಟ್ಟ ಗೋಧಿ ಹಾಲು ಬೆಳಗಾಗುವುದರೊಳಗೆ ಹುದುಗುತ್ತದೆ. ಫ್ರಿಜ್ಜಿನಲ್ಲೇ ಕೂರಿಸಿ.

ತುಂಡಾಗುವುದಕ್ಕೆ ಕಾರಣ ಹೆಚ್ಚಾಗಿ ನೀರು. ಮೇಲಿನ ತಿಳಿಯನ್ನು ಪೂರ್ತಿ ಬಸಿದು, ತಳದ ಪಿಷ್ಟ ಕದಡಿದಾಗ ಗಟ್ಟಿ ಮಜ್ಜಿಗೆಯಷ್ಟಿರಬೇಕು. ಪ್ರತಿ ತಟ್ಟೆಗೂ ಮುಂಚೆ ಕದಡಿ. ಒಮ್ಮೆ ಮರೆತರೂ ಮೇಲಿನ ನೀರೇ ತಟ್ಟೆಗೆ ಬೀಳುತ್ತದೆ. ಎಣ್ಣೆ ಸವರಿದ ಸಪಾಟು ತಟ್ಟೆಗೆ ಒಂದು ಸೌಟು ಹುಯ್ದು, ನೀರು ಕೊತಕೊತ ಕುದಿಯುವಾಗಲೇ ಮುಚ್ಚಿ, ಎರಡು-ಮೂರು ನಿಮಿಷ ಬಿಡಿ. ದೊಡ್ಡ ಗುಳ್ಳೆ ಎದ್ದರೆ ಬೆಂದಿದೆ. ತಟ್ಟೆಯ ತಳವನ್ನು ತಣ್ಣೀರಿನ ಮೇಲೆ ಇಟ್ಟು ಆರಿಸಿ, ಮೇಲೆ ಎಣ್ಣೆ ಸವರಿ ಆಮೇಲೆ ಬಿಡಿಸಿ. ಬಿಸಿ ಇರುವಾಗ ಎಳೆದರೆ ಯಾವ ಹದದ ಹಾಳೆಯೂ ನಿಲ್ಲದು. ಕತ್ತರಿಸಿದ ಪಟ್ಟಿಗೆ ಬಳ್ಳೊಳ್ಳಿ ಅರೆದ ನೀರು, ವಿನೆಗರ್, ಸೌತೆಕಾಯಿ, ಮೊಳಕೆ ಹೆಸರು, ಖಾರದೆಣ್ಣೆ.

ಖಾರದೆಣ್ಣೆಗೆ ಬ್ಯಾಡಗಿ ಮೆಣಸಿನಕಾಯಿಯೇ ಸರಿ, ಬಣ್ಣ ಹೆಚ್ಚು, ಉರಿ ಕಡಿಮೆ. 50 ಗ್ರಾಂ ತರಿಪುಡಿಗೆ 250 ಮಿಲಿ ಎಣ್ಣೆ. ಹೊಗೆಯಾಡುವ ಎಣ್ಣೆ ಹುಯ್ದರೆ ಪುಡಿ ಕರಿಬಿದ್ದು ಕಹಿಯಾಗುತ್ತದೆ. ಒಲೆ ಆರಿಸಿ ನಾಲ್ಕೈದು ನಿಮಿಷ ಬಿಟ್ಟು, ಮೂರು ಸಲಕ್ಕೆ ಹಂಚಿ ಹುಯ್ಯಿರಿ. ಎಳ್ಳು ಎರಡನೇ ಸಲಕ್ಕೆ.

ಪ್ರಶ್ನೆ: ಊರಿನ ಸದಕ ಗೋದಿ ಹಿಟ್ಟಿನಾಗ ಬಿಯಾಂಗ್‌ಬಿಯಾಂಗ್ ಎಳೆದ್ರ ಪಟಪಟ ಹರೀತಾವ್ರಿ. (ಗೋಕಾಕ, ಬೆಳಗಾವಿ ಜಿಲ್ಲೆ)

ಉತ್ತರ: ಸದಕ, ಅಂದರೆ ಜವೆ ಗೋಧಿ, ಹುಗ್ಗಿಗೆ ರಾಜ, ಎಳೆತಕ್ಕೆ ಅಲ್ಲ. ಅದರ ಅಂಟು ದುರ್ಬಲ, ನಾದಿದಷ್ಟೂ ಸಡಿಲವಾಗುತ್ತದೆ. ಮೈದಾ 500 ಗ್ರಾಂ, ನೀರು 250 ಮಿಲಿ, ಉಪ್ಪು 5 ಗ್ರಾಂ ತಗೊಳ್ಳಿ. ಸದಕ ಬೇಕೇಬೇಕಾದರೆ ಐದರಲ್ಲಿ ಒಂದು ಪಾಲು. ನಾದಿ, 100 ಗ್ರಾಂ ಉಂಡೆಗಳಿಗೆ ಎಣ್ಣೆ ಸವರಿ ಎರಡು ತಾಸು ಬಿಡಿ. ಎಳೆದಾಗ ಕಣಕ ಹಿಂದಕ್ಕೆ ಜಗ್ಗಿದರೆ ಇನ್ನೂ ಬಿಡಬೇಕು, ಬಲ ಹಾಕಬಾರದು. ಅಂಗೈ ಅಗಲ ಲಟ್ಟಿಸಿ, ನಡುವೆ ಉದ್ದಕ್ಕೆ ಕಡ್ಡಿಯಿಂದ ಗೆರೆ ಒತ್ತಿ, ಎರಡೂ ತುದಿ ಹಿಡಿದು ಮಣೆಗೆ ಬಡಿಯುತ್ತ ಎಳೆಯಿರಿ. ಆ ಬಡಿತದ ಸದ್ದೇ ‘ಬಿಯಾಂಗ್’ ಎನ್ನುತ್ತಾರೆ. ಗೆರೆಯಲ್ಲಿ ಸೀಳಿದರೆ ಒಂದೇ ಉದ್ದನೆಯ ಬಳೆ. ಎರಡು ನಿಮಿಷ ಕುದಿಸಿ, ಮೇಲೆ ಖಾರಪುಡಿ, ಬಳ್ಳೊಳ್ಳಿ ಇಟ್ಟು ಕಾದ ಎಣ್ಣೆ ಸುರಿಯಿರಿ. ನಮ್ಮ ಒಗ್ಗರಣೆಯೇ, ಬಟ್ಟಲಲ್ಲಿ ಆಗುತ್ತದೆ ಅಷ್ಟೇ.

ಪ್ರಶ್ನೆ: ಕಪ್ಪು ವಿನೆಗರ್ ಸಿಗದಿದ್ರ? (ಮುಧೋಳ)

ಉತ್ತರ: ಬಿಳಿ ಸಿಂಥೆಟಿಕ್ ವಿನೆಗರ್ ಬರೀ ಚುರುಕು, ಪರಿಮಳ ಇಲ್ಲ. ಮಾಲ್ಟ್ ವಿನೆಗರ್ 100 ಮಿಲಿಗೆ ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಬೆಲ್ಲ ಹಾಕಿ, ಬೆಲ್ಲ ಕರಗುವಷ್ಟೇ ಬೆಚ್ಚಗೆ ಮಾಡಿ. ಕುದಿಸಿದರೆ ಹುಳಿ ಹಾರಿಹೋಗುತ್ತದೆ. ಬೆಲ್ಲ ಊರಿನದ್ದೇ ಇದೆಯಲ್ಲ, ಮುಧೋಳದವರಿಗೆ ಹೇಳಬೇಕೇ?