ನಾಯಿ ಇರುವ ಮನೆಯಲ್ಲಿ ಬರವಣಿಗೆ

ಪ್ರಶ್ನೆ: ಕತೆ ಬರೆಯಬೇಕೆಂಬ ಆಸೆ. ಬರೆಯಲು ಕೂತರೆ ಸಾಕು, ನಾಯಿ ಬಾಗಿಲು ಕೆರೆಯಲು ಶುರು ಮಾಡುತ್ತದೆ. ಏನು ಮಾಡಲಿ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಮೊದಲು ನಾಯಿಯನ್ನು ಕೆಲಗೇರಿ ಕೆರೆ ಕಡೆ 30 ನಿಮಿಷ ಅಡ್ಡಾಡಿಸಿ ತನ್ನಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ಹೊರಡಿ, ಕಾದ ಡಾಂಬರು ಅದರ ಪಾದ ಸುಡುತ್ತದೆ. ನೀರು, ಊಟ ಆದಮೇಲೆ ಮಲಗುತ್ತದೆ. ಆ ಹೊತ್ತೇ ನಿಮ್ಮದು. ದಿನವೂ ಅದೇ ಹೊತ್ತಿಗೆ ಕೂಡಿ. ಕೆರೆದಾಗಲೆಲ್ಲ ಎದ್ದು ಬಾಗಿಲು ತೆಗೆದರೆ ಅದಕ್ಕೆ ಅದೇ ರೂಢಿಯಾಗುತ್ತದೆ. ಅದರ ಹಾಸಿಗೆಯನ್ನು ನಿಮ್ಮ ಮೇಜಿನ ಪಕ್ಕಕ್ಕೇ ಹಾಕಿ.

ಅಡ್ಡಾಡುವಾಗ ಅದು ಮೂಸುತ್ತ ನಿಂತರೆ ಹಗ್ಗ ಜಗ್ಗಬೇಡಿ, ನೀವೂ ನಿಂತು ನೋಡಿ. ಮನೆಗೆ ಬಂದು ಆ ಒಂದು ಜಾಗದ ಬಗ್ಗೆ 5 ಸಾಲು ಬರೆಯಿರಿ. ‘ನಾಯಿ ಖುಷಿಯಾಗಿತ್ತು’ ಎಂದು ಬರೆಯಬೇಡಿ. ಬಾಲ ಆಡಿಸಿದ್ದೆಲ್ಲ ಖುಷಿಯಲ್ಲ. ಬಾಲ ಮೇಲೆತ್ತಿ, ಮೈ ಬಿಗಿ ಹಿಡಿದು ಸಣ್ಣಗೆ ಅಲುಗಿಸಿದರೆ ಅದು ಕೆರಳಿದೆ ಎಂದೇ ತಿಳಿಯಬೇಕು. ಹೊಸಬರ ಕತೆಗಳು ಸೊರಗುವುದು ಇಲ್ಲೇ. ಪಾತ್ರದ ಕೈ, ಕಣ್ಣು, ನಿಂತ ಭಂಗಿ ನೋಡದೆ ಸಿಟ್ಟು, ದುಃಖ ಎಂದು ನೇರ ಹೆಸರಿಟ್ಟುಬಿಡುತ್ತಾರೆ. ತಿಂಗಳೊಪ್ಪತ್ತು ಹೀಗೆ ನಾಯಿಯನ್ನೇ ಬರೆಯಿರಿ, ಆಮೇಲೆ ಮನುಷ್ಯರಿಗೆ ಬನ್ನಿ.