ಶಿರಸಿಯ ನಮ್ಮ ಮನೆ ಅಂಗಳಕ್ಕೆ ಪೇವರ್ ಹಾಕಿಸುತ್ತಿದ್ದೇವೆ. ಮೇಸ್ತ್ರಿ ಹೆರಿಂಗ್‌ಬೋನ್ ಜೋಡಣೆಯೇ ಬೇಕು ಅಂತಾರೆ, ಯಾಕೆ?

ಕಾರು ಓಡಾಡುವ ಅಂಗಳವಾದರೆ ಮೇಸ್ತ್ರಿ ಹೇಳಿದ್ದು ಸರಿ. ಹೆರಿಂಗ್‌ಬೋನ್ ಅಂದರೆ ಮೀನಿನ ಮುಳ್ಳಿನ ಹಾಗೆ, ಒಂದು ಬ್ಲಾಕಿನ ತುದಿ ಇನ್ನೊಂದರ ಬದಿಗೆ ತಾಗುವಂತೆ ಕೂರಿಸುವುದು. ಸಾಲಾಗಿ ಹಾಕಿದರೆ ಸಂದು ಉದ್ದಕ್ಕೂ ನೇರ ಹೋಗುತ್ತದೆ. ಗೇಟಿನ ಹತ್ತಿರ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಆ ಸಾಲನ್ನೇ ತಳ್ಳುತ್ತದೆ. ಹೆರಿಂಗ್‌ಬೋನ್‌ನಲ್ಲಿ ಅಂಥ ಉದ್ದ ಸಂದೇ ಇಲ್ಲ. ಒಂದು ಬ್ಲಾಕ್ ಜರುಗಬೇಕಾದರೆ ಅಕ್ಕಪಕ್ಕದವೂ ಜರುಗಬೇಕು, ಅವು ಬಿಡಬೇಕಲ್ವಾ?

200×100 ಮಿ.ಮೀ. ಬ್ಲಾಕ್ ಇದಕ್ಕೆ ಸರಿಹೊಂದುತ್ತದೆ. ಅಂಚಿನಲ್ಲಿ ತುಂಡು ಕತ್ತರಿಸುವ ಕೆಲಸ ಜಾಸ್ತಿ. ಸುತ್ತ ಕಾಂಕ್ರೀಟ್ ಕಟ್ಟು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ನಮ್ಮ ಮಳೆಗೆ ಅಂಚಿನ ಮಣ್ಣು, ಅಡಿಯ ಮರಳು ಕೊಚ್ಚಿಹೋಗಿ ಬ್ಲಾಕು ಬಾಯಿಬಿಡುತ್ತವೆ. ಅಡಿಕೆ ಒಣಗಿಸುವ ಜಾಗಕ್ಕಾದರೆ ಸುಮ್ನೆ ಸಾಲು ಜೋಡಣೆಯೇ ಸಾಕು.