ಅತ್ತೆಯವರು ಎಣ್ಣೆ ಹಚ್ಚುವಾಗ ಮಗು ಸೆಟೆದು ಅಳುತ್ತದೆ

ಪ್ರಶ್ನೆ: ಮಗುವಿಗೆ ಎರಡು ತಿಂಗಳು. ಅತ್ತೆ ದಿನಾ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುತ್ತಾರೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುತ್ತಾರೆ, ಎದೆ ಹಿಂಡುತ್ತಾರೆ, ನೆಟ್ಟಗಾಗಲೆಂದು ಕಾಲು ಜಗ್ಗುತ್ತಾರೆ. ಮಗು ಬೆನ್ನು ಸೆಟೆದು ಅಳುತ್ತದೆ. ಬೇಡವೆಂದರೆ ‘ನಿನ್ನ ಗಂಡನನ್ನೂ ಹೀಗೇ ಬೆಳೆಸಿದ್ದು’ ಎಂದು ನೊಂದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಎಣ್ಣೆ ಹಚ್ಚುವುದನ್ನೇ ಬಿಡಿಸಬೇಕಿಲ್ಲ, ಅತ್ತೆಯವರ ಕೈಯಿಂದ ಮಗುವನ್ನು ಕಿತ್ತುಕೊಳ್ಳುವುದೂ ಬೇಡ. ಆದರೆ ನೀವು ಬರೆದ ಕೆಲವು ಅಭ್ಯಾಸಗಳು ಇವತ್ತೇ ನಿಲ್ಲಬೇಕು.

ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಹೋದರೆ ಬರುವ ಕೆಮ್ಮು ಎಣ್ಣೆಗೆ ಬರದೇ ಇರಬಹುದು, ಹಾಗಾಗಿ ಮನೆಯವರಿಗೆ ತಿಳಿಯುವುದೇ ಇಲ್ಲ. ಅದು ಅಲ್ಲೇ ಉಳಿದು ನ್ಯುಮೋನಿಯಾ ತರಬಹುದು. ಕಿವಿಗೂ ಬೇಡ. ಎಳೆಮಕ್ಕಳ ಎದೆಯಲ್ಲಿ ಕಾಣುವ ಊತ ತಾಯಿಯ ಹಾರ್ಮೋನಿನಿಂದ ಬಂದದ್ದು. ಗಂಡುಮಕ್ಕಳಲ್ಲೂ ಕಾಣುತ್ತದೆ, ತಾನಾಗಿ ಇಳಿಯುತ್ತದೆ. ಹಿಂಡಿದರೆ ಸೋಂಕಾಗಿ ಕೀವು ಕಟ್ಟಬಹುದು. ಈಗಲೇ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ಕಾಲು ಜಗ್ಗುವುದಂತೂ ಬೇಡವೇ ಬೇಡ: ಸೊಂಟದ ಕೀಲು ಇನ್ನೂ ಎಳಸು, ಕಾಲು ಕಪ್ಪೆಯಂತೆ ಮಡಚಿ ಅಗಲವಾಗಿರುವುದೇ ಅದಕ್ಕೆ ಒಳ್ಳೆಯದು.

ಇನ್ನು ಸರಿಯಾದ ಕ್ರಮ. ಹಾಲು ಕುಡಿದು ಮುಕ್ಕಾಲು ಗಂಟೆಯಾದರೂ ಆಗಿರಲಿ, ಇಲ್ಲವಾದರೆ ಹೊಟ್ಟೆ ಮುಟ್ಟಿದೊಡನೆ ಕಕ್ಕುತ್ತದೆ. ಉಂಗುರ, ಬಳೆ ತೆಗೆದಿಟ್ಟು, ಫ್ಯಾನ್ ಆರಿಸಿ, ನೆಲದ ಮೇಲೆ ದಪ್ಪ ಬಟ್ಟೆ ಹಾಸಿ. ಒಂದು ಚಿಕ್ಕ ಚಮಚ ಎಣ್ಣೆ ಸಾಕು. ಮಗುವಿನ ಮೇಲೆ ಸುರಿಯದೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎಳೆ ಚರ್ಮವನ್ನು ಕೆಡಿಸುತ್ತವೆ. ಕಾಲಿನಿಂದ ಶುರು ಮಾಡಿ, ತೊಡೆಯಿಂದ ಪಾದದವರೆಗೆ ನೀವಿ. ಒತ್ತಡ ಎಷ್ಟು ಎಂದರೆ, ಬೆರಳಿನಡಿ ಚರ್ಮ ತುಸು ಸರಿಯಬೇಕು, ಕೆಂಪಾಗಬಾರದು. ತೀರಾ ಹಗುರವಾದರೆ ಕಚಗುಳಿಯಾಗುತ್ತದೆ. ಹೊಟ್ಟೆಯ ಮೇಲೆ ಮಗುವಿನ ಬಲಗಡೆ ಕೆಳಗಿನಿಂದ ಮೇಲಕ್ಕೆ, ಅಡ್ಡಲಾಗಿ ಎಡಕ್ಕೆ, ಅಲ್ಲಿಂದ ಕೆಳಕ್ಕೆ. ದೊಡ್ಡ ಕರುಳು ಸಾಗುವ ದಾರಿಯೇ ಅದು. ಬೆನ್ನಿನಲ್ಲಿ ಮೂಳೆ ಬಿಟ್ಟು ಅಕ್ಕಪಕ್ಕ ನೀವಿ. ನೆತ್ತಿಯ ಮೆದು ಭಾಗಕ್ಕೆ ಎಣ್ಣೆ ಸವರಿದರೆ ಸಾಕು, ಒತ್ತಬೇಡಿ. ಒಟ್ಟು 10-15 ನಿಮಿಷ. ಜ್ವರವಿದ್ದ ದಿನ ಬೇಡ. ಲಸಿಕೆ ಚುಚ್ಚಿದ ಜಾಗವನ್ನು ಊತ, ನೋವು ಇಳಿಯುವವರೆಗೆ ಮುಟ್ಟಬೇಡಿ. ಮುಗಿದ ಮೇಲೆ ಟವೆಲಿನಲ್ಲಿ ಸುತ್ತಿಯೇ ಎತ್ತಿ, ಎಣ್ಣೆ ಮೈ ಕೈಜಾರುತ್ತದೆ.

ಮಗು ಮುಖ ತಿರುಗಿಸಿದರೆ, ಮುಷ್ಟಿ ಬಿಗಿದರೆ, ಬೆನ್ನು ಸೆಟೆದರೆ ಸಾಕೆಂದು ಅರ್ಥ. ಅಳು ಬರುವ ಮೊದಲೇ ನಿಲ್ಲಿಸಬೇಕು.

ಅತ್ತೆಯವರಿಗೆ ಹೇಳುವುದು ಹೇಗೆ? ಮುಂದಿನ ಲಸಿಕೆಗೆ ಅವರನ್ನೂ ಕರೆದುಕೊಂಡು ಹೋಗಿ, ಮೂಗಿಗೆ ಎಣ್ಣೆ ಬಿಡಬಹುದೇ ಎಂದು ವೈದ್ಯರನ್ನು ಅವರೆದುರೇ ಕೇಳಿ. ಸೊಸೆ ತಪ್ಪು ಹಿಡಿದಳೆಂಬ ನೋವು ಅಲ್ಲಿರುವುದಿಲ್ಲ. ಅಲ್ಲಿಯವರೆಗೆ ಕೆಲಸ ಹಂಚಿಕೊಳ್ಳಿ: ಕೈ, ಬೆನ್ನು ಅವರಿಗೆ, ಮುಖ, ಎದೆ, ಹೊಟ್ಟೆ, ಕಾಲು ನಿಮಗೆ. ಗಂಡನೂ ಜೊತೆಗೆ ಕೂರಲಿ. ಕೈ ಹಗುರ ಮಾಡಮ್ಮ ಎಂದು ಮಗನೇ ಹೇಳಿದರೆ ಅವರು ಬೇಗ ಒಪ್ಪಿಯಾರು.